ಮೈಮಾಟ: ತುಂಬು ಮೈಯ ಹೆಣ್ಣು ಮತ್ತು ಚೆಲುವಿನ ಬದಲಾದ ಅಳತೆಗಳು

ಮೈಮಾಟ ಎಂದರೆ ದೇಹದ ಒಟ್ಟಂದ. ಎಲುಬಿನ ಗಾತ್ರ, ಮಾಂಸ ಕೊಬ್ಬುಗಳ ಹಂಚಿಕೆ, ನಿಲುವು, ನಡಿಗೆ ಎಲ್ಲ ಕೂಡಿ ಕಣ್ಣಿಗೆ ಕಾಣುವ ಆಕಾರಕ್ಕೆ ಕನ್ನಡದಲ್ಲಿ ಈ ಹೆಸರು. ಎದೆ, ನಿತಂಬ, ತೋಳು, ತೊಡೆಗಳು ತುಂಬಿಕೊಂಡು ದುಂಡಗೆ ಕಾಣುವ ಹೆಣ್ಣನ್ನು ತುಂಬು ಮೈಯವಳು, ಮೈಕೈ ತುಂಬಿಕೊಂಡವಳು ಎನ್ನುತ್ತಾರೆ. ಇಂಥ ದೇಹವನ್ನು ಬೇರೆ ಬೇರೆ ಕಾಲಗಳು ಹೇಗೆ ನೋಡಿದವು, ಏಕೆ ಮೆಚ್ಚಿದವು, ಯಾವಾಗ ಹಳಿದವು ಎಂಬುದು ಕಲೆಯ ಚರಿತ್ರೆಗೆ ಸೇರಿದ ಹಾಗೆಯೇ ಅನ್ನ, ಬಟ್ಟೆ, ವ್ಯಾಪಾರಗಳ ಚರಿತ್ರೆಗೂ ಸೇರಿದ ವಿಷಯ.

ಈ ಬದಲಾವಣೆಯನ್ನು ಮಾತಿನಲ್ಲಿಯೇ ಕೇಳಬಹುದು. ಒಂದೆರಡು ತಲೆಮಾರಿನ ಹಿಂದೆ ಹಾಸ್ಟೆಲಿನಿಂದಲೋ ಗಂಡನ ಮನೆಯಿಂದಲೋ ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ‘ಎಷ್ಟು ಸಣ್ಣಗಾಗಿಬಿಟ್ಟಿದ್ದೀಯಲ್ಲೇ’ ಎಂದರೆ ಅದು ಮರುಕದ ಮಾತು. ಊಟ ಸರಿಯಾಗಿ ಸಿಕ್ಕಿಲ್ಲ, ಅತ್ತೆಮನೆಯಲ್ಲಿ ಏನೋ ಕಷ್ಟವಿದೆ ಎಂಬ ಅನುಮಾನ ಅದರೊಳಗಿತ್ತು. ಇಂದು ಮದುವೆ ಮಂಟಪದಲ್ಲಿ ಅದೇ ಮಾತು ಮೆಚ್ಚುಗೆಯಾಗಿ ಕೇಳಿಸುತ್ತದೆ. ಕೇಳಿಸಿಕೊಂಡವಳು ಹೇಗೆ ಸಣ್ಣಗಾದೆನೆಂದು ವಿವರಿಸಲು ತೊಡಗುತ್ತಾಳೆ. ‘ಮೈ ಬಂದಿದೆ’, ‘ಮೈಹಿಡಿದಿದ್ದಾಳೆ’ ಎಂಬ ಮಾತುಗಳು ಹೊಗಳಿಕೆಯ ಕಡೆಯಿಂದ ದೂರಿನ ಕಡೆಗೆ ಸರಿದಿವೆ. ಹಳೆಯ ಕಾಲ ಹೆಣ್ಣಿನ ದೇಹವನ್ನು ಉಪಮೆಯಿಂದ ಬಣ್ಣಿಸಿತು, ಹೊಸ ಕಾಲ ಅಂಕಿಯಿಂದ ಅಳೆಯುತ್ತಿದೆ. ಎರಡರಲ್ಲೂ ನೋಡುವ ಕಣ್ಣು ಬಹುಮಟ್ಟಿಗೆ ಬೇರೆಯವರದೇ. ಆದರೆ ಉಪಮೆಗೆ ಇದ್ದ ಸಡಿಲು ಅಂಕಿಗೆ ಇಲ್ಲ.

ಕಲ್ಲು ಮತ್ತು ಕಾವ್ಯ

ತುಂಬು ಮೈಯ ಹೆಣ್ಣಿನ ಅತಿ ಹಳೆಯ ರೂಪಗಳು ಬರವಣಿಗೆಗಿಂತ ಬಹಳ ಹಿಂದಿನವು. 1908ರಲ್ಲಿ ಆಸ್ಟ್ರಿಯದ ವಿಲೆನ್‌ಡೋರ್ಫ್ ಎಂಬಲ್ಲಿ ಸಿಕ್ಕ, 11 ಸೆಂಟಿಮೀಟರಿನಷ್ಟು ಎತ್ತರದ ಸುಣ್ಣಕಲ್ಲಿನ ಪುಟ್ಟ ಪ್ರತಿಮೆಗೆ ಜೋಲುವ ಎದೆ, ದೊಡ್ಡ ಹೊಟ್ಟೆ, ದಪ್ಪ ತೊಡೆಗಳಿವೆ, ಮುಖವೇ ಇಲ್ಲ. ಅದು 25,000 ವರ್ಷಗಳಿಗೂ ಹಿಂದಿನದು. ಅದನ್ನು ಸೌಂದರ್ಯದ ಮಾದರಿ ಎಂದು ಕರೆಯುವುದು ಆತುರದ ಮಾತು. ಅದು ದೇವತೆಯೋ ತಾಯ್ತನದ ಸಂಕೇತವೋ ಬಸುರಿ ಹೆಣ್ಣೊಬ್ಬಳು ತನ್ನ ದೇಹವನ್ನೇ ಬಗ್ಗಿ ನೋಡಿ ಕಡೆದದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಭಾರತ ಉಪಖಂಡದಲ್ಲಿ ಮೊದಲಿಗೆ ಕಾಣುವುದೆಲ್ಲ ತುಂಬು ಮೈಯಲ್ಲ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ‘ನರ್ತಕಿ’ ಕಡ್ಡಿಯಂತೆ ತೆಳ್ಳಗಿದ್ದಾಳೆ. ಸೊಂಟದ ಮೇಲೆ ಕೈಯಿಟ್ಟು ಗತ್ತಿನಿಂದ ನಿಂತಿದ್ದಾಳೆ. ‘ನಮ್ಮ ಪರಂಪರೆ ಯಾವಾಗಲೂ ತುಂಬು ಮೈಯನ್ನೇ ಮೆಚ್ಚಿತ್ತು’ ಎಂಬ ಈಚಿನ ಹೇಳಿಕೆಗೆ ಅವಳೊಬ್ಬಳ ಉತ್ತರ ಸಾಕು. ಅವಳಿಗೂ ಯಕ್ಷಿಯರಿಗೂ ನಡುವೆ ಎರಡು ಸಾವಿರ ವರ್ಷಗಳ ಅಂತರವಿದೆ. 1917ರಲ್ಲಿ ಪಟ್ನಾ ಬಳಿಯ ದೀದಾರ್‌ಗಂಜ್‌ನಲ್ಲಿ ಗಂಗೆಯ ದಂಡೆಯ ಮೇಲೆ ಸಿಕ್ಕ, ಈಗ ಬಿಹಾರ ಮ್ಯೂಸಿಯಮ್ಮಿನಲ್ಲಿರುವ ಚಾಮರಧಾರಿಣಿ ಯಕ್ಷಿ ಸುಮಾರು 5 ಅಡಿ 2 ಅಂಗುಲ ಎತ್ತರದವಳು. ಚುನಾರದ ಮರಳುಗಲ್ಲನ್ನು ಕನ್ನಡಿಯಂತೆ ಉಜ್ಜಿ ಮಾಡಿದ ಮೈ, ಕೊಬ್ಬಿದ ಕೆನ್ನೆ, ತುಂಬಿದ ಎದೆ, ಅಗಲವಾದ ಸೊಂಟ. ಉಟ್ಟ ಬಟ್ಟೆಯನ್ನು ಬಿಗಿದಲ್ಲಿ ಹೊಟ್ಟೆ ಕೊಂಚ ಮುಂದೆ ಉಬ್ಬಿರುವುದನ್ನೂ ಶಿಲ್ಪಿ ಬಿಟ್ಟಿಲ್ಲ. ಅದನ್ನು ಮರೆಸಬೇಕಾದ ಕುಂದೆಂದು ಅವನು ಎಣಿಸಿದಂತೆ ಕಾಣುವುದಿಲ್ಲ. ಸಾಂಚಿಯ ತೋರಣದ ಶಾಲಭಂಜಿಕೆಯಲ್ಲಿಯೂ ಮಥುರೆಯ ಯಕ್ಷಿಯರಲ್ಲಿಯೂ ಇದೇ ಮೈಮಾಟ ಮುಂದುವರಿಯಿತು. ಯಕ್ಷಿಯರು ಮರದ, ನೀರಿನ, ಬೆಳೆಯ ದೇವತೆಗಳು. ಅವರ ಮೈಯ ತುಂಬು ಹೊಲದ ತುಂಬಿಗೆ ಹೊಂದಿಕೊಂಡದ್ದು.

ಕನ್ನಡ ನಾಡಿನಲ್ಲಿ ಈ ರೂಪ ಬಾದಾಮಿಯ ಗುಹೆಗಳ ಬೋದಿಗೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಮರದಡಿಯ ಜೋಡಿಗಳು ಒಬ್ಬರಿಗೊಬ್ಬರು ಒರಗಿ ನಿಂತಿವೆ. ಆ ಹೆಣ್ಣುಗಳ ಮೈ ಮೆತ್ತಗಿದೆ, ಭಾರವಿದೆ, ನಿಲುವಿನಲ್ಲಿ ಬಿಗುವಿಲ್ಲ. ಅಲ್ಲಿಂದ ಐದು ಶತಮಾನಗಳ ಮೇಲೆ, 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಅದು ತನ್ನ ಕೊನೆಯ ನಯವನ್ನು ಮುಟ್ಟಿತು. ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು. ಕೆಲವರ ಅಡಿಯಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ತೋಳಿನ ದುಂಡು, ಬೆರಳಿನ ಗೆಣ್ಣು, ಸೊಂಟಪಟ್ಟಿ ಒತ್ತಿದಲ್ಲಿ ಮಾಂಸ ತಗ್ಗುವ ಬಗೆ ಎಲ್ಲವೂ ಕಡೆಯಲು ಸಿಕ್ಕಿತು. ಪ್ರವಾಸಿಗಳು ಕನ್ನಡಿ ಹಿಡಿದ ದರ್ಪಣಸುಂದರಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಉಳಿದವರ ಮುಂದೆಯೂ ನಿಲ್ಲಬೇಕು. ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ವಾದ್ಯ ಬಾರಿಸುತ್ತಿದ್ದಾಳೆ, ಹಲವರು ಕುಣಿಯುತ್ತಿದ್ದಾರೆ, ಒಬ್ಬಳು ಸೆರಗೆಳೆಯುವ ಕೋತಿಯನ್ನು ಗದರಿಸುತ್ತಿದ್ದಾಳೆ. ತುಂಬು ಮೈ ಅಲ್ಲಿ ಕೆಲಸ ಮಾಡುವ ಮೈ, ದಣಿಯಬಲ್ಲ ಮೈ. ದಪ್ಪಗಿರುವುದೆಂದರೆ ಸೋಮಾರಿತನ ಎಂಬ ನಂಟು ಆ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ.

ಕಾವ್ಯದ ಭಾಷೆ ಇದಕ್ಕೆ ಸಮನಾಗಿ ಬೆಳೆಯಿತು. ಬಾಳೆಯ ಕಂಬದಂಥ ತೊಡೆ, ಹಂಸೆಯ ಇಲ್ಲವೇ ಆನೆಯ ನಡಿಗೆ, ಶಂಖದಂಥ ಕೊರಳು, ಸಿಂಹದ ಸೊಂಟ ಎಂಬ ಹೋಲಿಕೆಗಳು ಸಂಸ್ಕೃತದಿಂದ ಹಳಗನ್ನಡಕ್ಕೆ ಬಂದು ನೂರಾರು ವರ್ಷ ಬಾಳಿದವು. ಇವುಗಳಲ್ಲಿ ಇಂದಿನ ಓದುಗರನ್ನು ಅಚ್ಚರಿಗೊಳಿಸಬೇಕಾದದ್ದು ‘ತ್ರಿವಳಿ’. ಹೊಟ್ಟೆಯ ಮೇಲೆ ಮೂಡುವ ಮೂರು ಮಡಿಕೆಗಳನ್ನು ಕವಿಗಳು ಚೆಲುವಿನ ಗುರುತೆಂದು ಮತ್ತೆ ಮತ್ತೆ ಹೊಗಳಿದ್ದಾರೆ. ಇಂದು ಅದೇ ಮಡಿಕೆಗಳನ್ನು ಫೋಟೊದಲ್ಲಿ ಅಳಿಸಿಹಾಕಲು ಮೊಬೈಲಿನಲ್ಲಿ ಪ್ರತ್ಯೇಕ ಸಾಧನಗಳಿವೆ. ಆದರೂ ಆ ಕಾವ್ಯವನ್ನು ಉದಾರಿ ಎಂದು ಒಪ್ಪಿಬಿಡುವ ಹಾಗಿಲ್ಲ. ತುಂಬಿದ ಎದೆಯ ಜೊತೆಗೆ ‘ಬಡನಡು’ ಇರಲೇಬೇಕೆಂದು ಕವಿಗಳು ಪಟ್ಟುಹಿಡಿದರು. ನಡು ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗಿರುವುದು ಅವರಿಗೆ ಪ್ರಿಯ. ತನ್ವಂಗಿ, ಕೃಶಾಂಗಿ ಎಂಬ ಪದಗಳೂ ಹೊಗಳಿಕೆಯವೇ. ಕೊಕ್ಕೋಕನ ರತಿರಹಸ್ಯದ ಪರಂಪರೆ ಹೆಣ್ಣನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕಾಗಿ ಒಡೆದು, ಸ್ಥೂಲ ದೇಹದ ಹಸ್ತಿನಿಯನ್ನು ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಿಸಿತು. ಕನ್ನಡದಲ್ಲಿ 15ನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಈ ಪರಂಪರೆಗೆ ಸೇರಿದ್ದು. ಹೆಣ್ಣನ್ನು ವಿಂಗಡಿಸುವ, ಮೇಲುಕೀಳು ಮಾಡುವ ಚಟ ಇಂಚಿನ ಪಟ್ಟಿಗಿಂತ ಹಳೆಯದು.

ಬೇಲೂರಿನ ಮದನಿಕೆಯರು ಮೂಡಿದ ಶತಮಾನದಲ್ಲಿಯೇ ಇದೇ ನಾಡಿನಲ್ಲಿ ಅಕ್ಕಮಹಾದೇವಿ ಇದ್ದಳು. ಅರಮನೆಯನ್ನೂ ಉಡುಗೆಯನ್ನೂ ತೊರೆದು ಕೂದಲನ್ನೇ ಹೊದ್ದು ಹೊರಟಳೆಂದು ಪರಂಪರೆ ಅವಳ ಬಗ್ಗೆ ಹೇಳುತ್ತದೆ. ಮೆಚ್ಚುವ ಕಣ್ಣಿನ ಮುಂದೆ ನಿಲ್ಲುವುದನ್ನೇ ಅವಳು ನಿರಾಕರಿಸಿದಳು. ಹೆಣ್ಣಿನ ಚೆಲುವಿನ ಚರಿತ್ರೆ ಬರೆಯುವವರು ಆ ನಿರಾಕರಣೆಯನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ.

ಶಿಲ್ಪಿಗಳ ಬಳಿಯೂ ಅಳತೆ ಇತ್ತು, ‘ತಾಲಮಾನ’ ಎಂದು ಅದರ ಹೆಸರು. ಮುಖದ ಉದ್ದವನ್ನು ಒಂದು ತಾಲವೆಂದೂ, ತಾಲವನ್ನು 12 ಅಂಗುಲವೆಂದೂ ಹಿಡಿದು ಉಳಿದ ಅಂಗಗಳ ಪ್ರಮಾಣವನ್ನು ಅದರಿಂದ ಎಣಿಸುತ್ತಿದ್ದರು. ಈ ಅಂಗುಲಕ್ಕೆ ನಿಶ್ಚಿತ ಉದ್ದವಿಲ್ಲ. ಆಯಾ ವಿಗ್ರಹದ ಎತ್ತರದಿಂದಲೇ ಅದು ಹುಟ್ಟುತ್ತದೆ. ಗೇಣುದ್ದದ ದೇವಿಗೂ ಆಳೆತ್ತರದ ದೇವಿಗೂ ಅವರವರ ಮುಖವೇ ಅಳತೆಗೋಲು. ದೇಹದ ಹೊರಗೆ ಎಲ್ಲೋ ನಿಂತಿರುವ ಒಂದು ಅಂಕಿಗೆ ದೇಹವನ್ನು ಒಗ್ಗಿಸುವ ಪದ್ಧತಿ ಬಹಳ ತಡವಾಗಿ, ಬೇರೆ ಕಡೆಯಿಂದ ಬಂತು.

ಹಸಿವಿನ ನೆರಳು

ತುಂಬು ಮೈ ಮೆಚ್ಚುಗೆಯಾಗಲು ದೊಡ್ಡ ಕಾರಣ ಹಸಿವು. 1876–78ರ, ಹಿರಿಯರು ಧಾತು–ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ನೆಲದಲ್ಲಿ ದುಂಡಗಿನ ತೋಳು ಮನೆಯ ಕಣಜದ ಸುದ್ದಿ ಹೇಳುತ್ತಿತ್ತು. ಬಡಕಲು, ಒಣಕಲು, ನರಪೇತಲ ಎಂಬ ಬೈಗುಳಗಳು ಕನ್ನಡದಲ್ಲಿ ಇಷ್ಟು ಸಮೃದ್ಧವಾಗಿರುವುದಕ್ಕೆ ಇದೇ ಹಿನ್ನೆಲೆ. ಬಾಣಂತನದಲ್ಲಿ ತುಪ್ಪ, ಕೊಬ್ಬರಿ, ಉತ್ತುತ್ತೆ ಹಾಕಿದ ಅಂಟಿನುಂಡೆ ತಿನ್ನಿಸಿ ಹೆರಿಗೆಯಾದವಳ ಮೈ ತುಂಬಿಸಿ ಕಳಿಸುವುದು ತವರಿನ ಮರ್ಯಾದೆಯ ಪ್ರಶ್ನೆಯಾಗಿತ್ತು.

ಬೇರೆ ಬರಗಾಲದ ಸೀಮೆಗಳಲ್ಲಿಯೂ ಇದೇ ತರ್ಕ ಕೆಲಸ ಮಾಡಿದೆ, ಕೆಲವೆಡೆ ಕ್ರೂರವಾಗಿ. ಸಹಾರಾದ ಅಂಚಿನ ಮಾರಿಟೇನಿಯದಲ್ಲಿ ಮದುವೆಗೆ ಮುಂಚೆ ಹುಡುಗಿಯರಿಗೆ ಒಂಟೆಯ ಹಾಲನ್ನೂ ಸಿರಿಧಾನ್ಯದ ಅಂಬಲಿಯನ್ನೂ ಬಲವಂತವಾಗಿ ಕುಡಿಸಿ ದಪ್ಪಗೆ ಮಾಡುವ ‘ಲೆಬ್ಲೂ’ ಪದ್ಧತಿ ಇತ್ತು. ಕುಡಿಯದಿದ್ದರೆ ಬೆರಳು ಹಿಚುಕುವ, ಹೊಡೆಯುವ ಶಿಕ್ಷೆಗಳೂ ಇದ್ದವು. ಈಗ ಅದು ತಗ್ಗಿದೆ, ಪೂರಾ ಅಳಿದಿಲ್ಲ. ತುಂಬು ಮೈಯನ್ನು ಮೆಚ್ಚುವ ಸಮಾಜ ಹೆಣ್ಣಿಗೆ ದಯಾಳುವಾಗಿಯೇ ಇರುತ್ತದೆ ಎಂದು ನಂಬುವವರು ಈ ಹುಡುಗಿಯರನ್ನು ನೆನೆಯಬೇಕು. ಹೊಟ್ಟೆಗೆ ತುರುಕುವುದೂ ಹೊಟ್ಟೆ ಕಟ್ಟಿಸುವುದೂ ಆಕೆಯ ದೇಹ ಆಕೆಯದಲ್ಲ ಎನ್ನುವ ಒಂದೇ ನಂಬಿಕೆಯಿಂದ ಬಂದವು.

ಒಂದು ಮೆಚ್ಚುಗೆ ಎಷ್ಟು ಬೇಗ ತಿರುವುಮುರುವಾಗಬಲ್ಲದು ಎಂಬುದಕ್ಕೆ ಫಿಜಿಯ ನಾಡ್ರೋಗಾ ಪ್ರಾಂತ್ಯಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಅಲ್ಲಿ ದಷ್ಟಪುಷ್ಟ ಮೈಯೇ ಚೆಲುವು. ಯಾರಾದರೂ ಸೊರಗಿದರೆ ಇಡೀ ಊರಿಗೆ ಚಿಂತೆ. 1995ರಲ್ಲಿ ದೂರದರ್ಶನ ಬಂತು. ಅಮೆರಿಕದ ಮನೋವೈದ್ಯೆ, ಮಾನವಶಾಸ್ತ್ರಜ್ಞೆ ಆನ್ ಬೆಕರ್ ಅದೇ ವರ್ಷ ಮತ್ತು ಮೂರು ವರ್ಷಗಳ ನಂತರ ಶಾಲಾ ಹುಡುಗಿಯರ ಎರಡು ಗುಂಪುಗಳನ್ನು ಪ್ರಶ್ನಿಸಿದರು. ಆಹಾರದ ಬಗ್ಗೆ ಕೆಟ್ಟ ಕಳವಳದ ಲಕ್ಷಣ ತೋರಿದವರು 12.7 ಶೇಕಡದಿಂದ 29.2 ಶೇಕಡಕ್ಕೆ ಏರಿದ್ದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ; ಎರಡನೆಯದರಲ್ಲಿ 11.3 ಶೇಕಡ ಇದ್ದರು. ಗುಂಪುಗಳು ಚಿಕ್ಕವು, ತಲಾ ಅರವತ್ತು ಚಿಲ್ಲರೆ ಹುಡುಗಿಯರು. ಆದರೂ ತಲೆಮಾರುಗಳ ಅಭಿರುಚಿ ಮೂರು ವರ್ಷಗಳಲ್ಲಿ ಅಲುಗಾಡಿದ್ದನ್ನು ಇಷ್ಟು ಹತ್ತಿರದಿಂದ ದಾಖಲಿಸಿದ ಅಧ್ಯಯನಗಳು ವಿರಳ.

ಯುರೋಪು ಮತ್ತು ಅಮೆರಿಕ: ಕಾರ್ಸೆಟ್ಟಿನಿಂದ ಕ್ಯಾಲೊರಿಗೆ

ಫ್ಲಾಂಡರ್ಸಿನ ಚಿತ್ರಕಾರ ರೂಬೆನ್ಸ್ (1577–1640) ಬಿಡಿಸಿದ ಹೆಣ್ಣುಗಳ ತೊಡೆಯ ಮೇಲೆ ಗುಳಿಗಳಿವೆ, ಹೊಟ್ಟೆಯ ಮೇಲೆ ಮಡಿಕೆಗಳಿವೆ. ತನ್ನ ಎರಡನೆಯ ಹೆಂಡತಿ ಹೆಲೆನಾ ಫೂರ್ಮಾಳನ್ನು ತುಪ್ಪಳ ಹೊದ್ದ ಭಂಗಿಯಲ್ಲಿ ಬಿಡಿಸಿದ ವಿಯೆನ್ನಾದ ಚಿತ್ರದಲ್ಲಿ ಮಂಡಿಯ ಸುತ್ತಲಿನ ಮೆತ್ತನೆಯ ಮಾಂಸವೂ ಕಾಣುತ್ತದೆ. ತುಂಬು ಮೈಯ ಹೆಣ್ಣಿಗೆ ಯುರೋಪಿನ ಭಾಷೆಗಳಲ್ಲಿ ಇಂದಿಗೂ ಅವನ ಹೆಸರಿನ ವಿಶೇಷಣ ಬಳಕೆಯಲ್ಲಿದೆ. ನಂತರದ ಶತಮಾನಗಳಲ್ಲಿ ತಿಮಿಂಗಿಲದ ಬಾಯಿಯ ಕಡ್ಡಿ ಹೊಲಿದ ಕಾರ್ಸೆಟ್ ಎಂಬ ಬಿಗಿಯುಡುಗೆ ನಡುವನ್ನು ಹಿಂಡಿ, ಎದೆ ಸೊಂಟಗಳನ್ನು ಎತ್ತಿ ತೋರಿಸಿತು. ಕವಿಗಳು ಕಲ್ಪಿಸಿದ ಬಡನಡುವನ್ನು ಅದು ದಾರ ಎಳೆದು ಕಟ್ಟಿತು.

ಇದೇ ಯುರೋಪು ತುಂಬು ಮೈಯ ಇನ್ನೊಬ್ಬ ಹೆಣ್ಣಿಗೆ ಮಾಡಿದ್ದು ಬೇರೆ. ದಕ್ಷಿಣ ಆಫ್ರಿಕದ ಖೋಯ್‌ಖೋಯ್ ಬುಡಕಟ್ಟಿನ ಸಾರಾ ಬಾರ್ಟ್‌ಮನ್‌ಳನ್ನು 1810ರಲ್ಲಿ ಲಂಡನ್ನಿನಲ್ಲಿ, 1814ರಿಂದ ಪ್ಯಾರಿಸ್ಸಿನಲ್ಲಿ ಅವಳ ನಿತಂಬದ ಗಾತ್ರಕ್ಕಾಗಿ ಟಿಕೆಟ್ಟಿಟ್ಟು ತೋರಿಸಿದರು. 1815ರಲ್ಲಿ ಸತ್ತಾಗ ದೇಹವನ್ನು ಕೊಯ್ದು, ಎಲುಬುಗೂಡು ಮತ್ತು ಅಂಗಗಳನ್ನು ಮ್ಯೂಸಿಯಮ್ಮಿನಲ್ಲಿಟ್ಟರು. 1970ರ ದಶಕದವರೆಗೂ ಅವು ಪ್ರದರ್ಶನದಲ್ಲಿದ್ದವು. 1994ರಲ್ಲಿ ನೆಲ್ಸನ್ ಮಂಡೇಲಾ ಕೇಳಿಕೊಂಡ ಮೇಲೆಯೂ ಎಂಟು ವರ್ಷ ಹಿಡಿದು, 2002ರ ಆಗಸ್ಟ್ 9ರಂದು ಅವಳಿಗೆ ತನ್ನ ನೆಲದಲ್ಲಿ ಮಣ್ಣು ಸಿಕ್ಕಿತು. ಬಿಳಿಯ ಹೆಣ್ಣಿನ ದುಂಡು ಮೈ ಕಲೆಯಾಯಿತು, ಕಪ್ಪು ಹೆಣ್ಣಿನದು ಕಾಡುತನದ ಸಾಕ್ಷಿಯಾಯಿತು. ಕೊಬ್ಬಿನ ಬಗೆಗಿನ ಪಾಶ್ಚಾತ್ಯ ಹೇಸಿಗೆಯ ಬೇರು ವರ್ಣದ್ವೇಷದಲ್ಲಿದೆ ಎಂದು ಸಮಾಜಶಾಸ್ತ್ರಜ್ಞೆ ಸಬ್ರೀನಾ ಸ್ಟ್ರಿಂಗ್ಸ್ 2019ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಬಾರ್ಟ್‌ಮನ್‌ಳ ಕಥೆ ಗೊತ್ತಿರುವವರಿಗೆ ಆ ವಾದವನ್ನು ತಳ್ಳಿಹಾಕುವುದು ಕಷ್ಟ.

ಅಂಕಿಯ ಆಳ್ವಿಕೆ ಶುರುವಾದದ್ದು 20ನೆಯ ಶತಮಾನದ ಮೊದಲ ಅರ್ಧದಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಸೆಟ್ ಸಡಿಲಿತ್ತು. 1920ರ ದಶಕದಲ್ಲಿ ಎದೆಯನ್ನೇ ಚಪ್ಪಟೆ ಕಟ್ಟಿಕೊಳ್ಳುವ, ಹುಡುಗನಂಥ ಮೈಮಾಟ ಬಂತು. ಹೊರಗಿನ ಬಿಗಿಯುಡುಗೆ ಬಿದ್ದುಹೋದ ಮೇಲೆ ಅದರ ಕೆಲಸವನ್ನು ಹಸಿವು ಮಾಡಬೇಕಾಯಿತು. ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಬರೆದ ಪಥ್ಯದ ಪುಸ್ತಕ ಅಮೆರಿಕದ ಹೆಂಗಸರಿಗೆ ಅನ್ನವನ್ನು ಕ್ಯಾಲೊರಿಯಾಗಿ ಎಣಿಸಲು ಕಲಿಸಿತು. ವಿಮಾ ಕಂಪನಿಗಳು ಎತ್ತರಕ್ಕೆ ತಕ್ಕ ‘ಆದರ್ಶ ತೂಕ’ದ ಪಟ್ಟಿ ಹೊರಡಿಸಿದವು. ಬೆಲ್ಜಿಯಮ್ಮಿನ ಗಣಿತಜ್ಞ ಕೆಟ್ಲೆ 1830ರ ದಶಕದಲ್ಲಿ ಜನಸಮೂಹಗಳನ್ನು ಅರಿಯಲೆಂದು ಹಾಕಿದ ತೂಕ–ಎತ್ತರದ ಸೂತ್ರಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಬಿಎಂಐ ಎಂಬ ಹೊಸ ಹೆಸರಿಟ್ಟರು. ಗುಂಪನ್ನು ಅಳೆಯಲು ಹುಟ್ಟಿದ ಸೂತ್ರ ಒಬ್ಬೊಬ್ಬರ ಮೇಲೆ ತೀರ್ಪು ಕೊಡಲು ನಿಂತಿತು.

1945ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ನಡೆದದ್ದು ಈ ಕಥೆಯ ತಿರುಳು. ಸಾವಿರಾರು ಹೆಂಗಸರ ಅಳತೆಗಳ ಸರಾಸರಿ ತೆಗೆದು ‘ನಾರ್ಮಾ’ ಎಂಬ ಪ್ರತಿಮೆ ಮಾಡಲಾಗಿತ್ತು. ಅವಳನ್ನು ಹೋಲುವ ಹೆಣ್ಣನ್ನು ಹುಡುಕಲು ಒಂದು ಪತ್ರಿಕೆ ಸ್ಪರ್ಧೆಯಿಟ್ಟಿತು. 3,864 ಹೆಂಗಸರು ತಮ್ಮ ಅಳತೆ ಕಳಿಸಿದರು. ಒಂಬತ್ತು ಅಳತೆಗಳಲ್ಲಿಯೂ ನಾರ್ಮಾಳಿಗೆ ಸರಿಹೊಂದಿದವಳು ಒಬ್ಬಳೂ ಇರಲಿಲ್ಲ.

ಮುಂದಿನದು ಹೆಚ್ಚು ಪರಿಚಿತ. 1950ರ ದಶಕದಲ್ಲಿ ಮರ್ಲಿನ್ ಮನ್ರೊ, 1959ರಲ್ಲಿ ಬಾರ್ಬಿ ಗೊಂಬೆ, 1966ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ವರ್ಷದ ಮುಖವೆಂದು ಸಾರಿದ ಕಡ್ಡಿ ಮೈಯ ಟ್ವಿಗಿ, 1990ರ ದಶಕದಲ್ಲಿ ರೂಪದರ್ಶಿ ಕೇಟ್ ಮಾಸ್. ರೂಪದರ್ಶಿಗಳ ಸಾವುಗಳು ಸುದ್ದಿಯಾದ 2006ರಲ್ಲಿ ಮ್ಯಾಡ್ರಿಡ್ಡಿನ ಫ್ಯಾಶನ್ ಸಪ್ತಾಹ 18ಕ್ಕಿಂತ ಕಡಿಮೆ ಬಿಎಂಐ ಇರುವವರನ್ನು ತಡೆಯಿತು. 2012ರಲ್ಲಿ ಇಸ್ರೇಲ್ ಕಾನೂನನ್ನೇ ತಂದಿತು.

ಸೀರೆ, ರವಿಕೆ, ಸೈಜು

ಭಾರತದಲ್ಲಿ ತುಂಬು ಮೈಯ ಹೆಣ್ಣನ್ನು ಹಳೆಯ ಶಿಲ್ಪದಿಂದ ಮನೆಯ ಗೋಡೆಗೆ ತಂದವರು ರಾಜಾ ರವಿವರ್ಮ (1848–1906). 1894ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮಿ ಸರಸ್ವತಿಯರು ದುಂಡು ಮುಖ, ತುಂಬು ತೋಳಿನ, ಸೀರೆಯುಟ್ಟ ಗೃಹಿಣಿಯರ ಹಾಗೆ ಇದ್ದರು. ರವಿವರ್ಮರ ಕೆಲವು ಮೂಲ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಕ್ಯಾಲೆಂಡರು, ಬೆಂಕಿಪೆಟ್ಟಿಗೆ, ಕಂಪನಿ ನಾಟಕದ ಪರದೆ, ಆಮೇಲೆ ಸಿನಿಮಾ ಎಲ್ಲವೂ ಆ ಮೈಮಾಟವನ್ನು ಎರವಲು ಪಡೆದವು. 1980ರ ದಶಕದವರೆಗೂ ದಕ್ಷಿಣದ ಚಿತ್ರಗಳ ನಾಯಕಿಗೆ ಕೆನ್ನೆ ತೋಳು ತುಂಬಿರುವುದು ಕೊರತೆಯಾಗಿರಲಿಲ್ಲ.

ಇದನ್ನು ಕಾಪಾಡಿದ ಇನ್ನೊಂದು ಸಂಗತಿ ಸೀರೆ, ಮತ್ತು ಈ ವಿಷಯ ಸಿಗಬೇಕಾದ ಗಮನ ಪಡೆದಿಲ್ಲ. ಐದೂವರೆ ಆರು ಗಜದ ಸೀರೆಗೆ ಸೈಜು ಎಂಬುದೇ ಇಲ್ಲ. ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಮೂರು ಮಕ್ಕಳಾದ ಮೇಲೆಯೂ ಮೈಗೆ ಬರುತ್ತದೆ. ಅದೇ ಸೀರೆ ಮಗಳಿಗೂ ಬರುತ್ತದೆ. ನೆರಿಗೆ ಒಂದು ಕಡಿಮೆಯಾಗಬಹುದು, ಅಷ್ಟೆ. ಅಳತೆ ಬೇಕಾದದ್ದು ರವಿಕೆಗೆ. ಅದನ್ನು ಹೊಲಿಯುವಾಗ ‘ಒಳಗೆ ಬಟ್ಟೆ ಬಿಟ್ಟು ಹೊಲೀರಿ’ ಎಂದು ಟೈಲರಿಗೆ ಹೇಳುವುದು ವಾಡಿಕೆ. ಮೈ ಬಂದಾಗ ಪಕ್ಕದ ಹೊಲಿಗೆ ಬಿಚ್ಚಿದರಾಯಿತು. ಮೈ ಬದಲಾಗುತ್ತದೆ, ಬಟ್ಟೆ ಅದಕ್ಕೆ ಜಾಗ ಬಿಡಬೇಕು ಎಂಬ ತಿಳಿವಳಿಕೆ ಆ ಒಂದಂಗುಲದ ಬಟ್ಟೆಯಲ್ಲಿತ್ತು.

ಸಿದ್ಧ ಉಡುಪು ಈ ಸಂಬಂಧವನ್ನು ತಲೆಕೆಳಗು ಮಾಡಿತು. ಸೈಜಿನ ಚರಿತ್ರೆಯೂ ಅಮೆರಿಕದ್ದೇ. ಅಲ್ಲಿನ ಕೃಷಿ ಇಲಾಖೆ 1939–40ರಲ್ಲಿ ಸುಮಾರು 15,000 ಹೆಂಗಸರ ಮೈಯನ್ನು 59 ಕಡೆ ಅಳೆಸಿತು. ಬಿಳಿಯರಲ್ಲದವರ ಅಳತೆಗಳನ್ನು ಕೊನೆಯ ಲೆಕ್ಕದಿಂದ ಬಿಟ್ಟುಬಿಟ್ಟಿತು. 1958ರಲ್ಲಿ ಸರ್ಕಾರಿ ಮಾನದಂಡವಾಗಿ ಬಂದ ಸೈಜುಗಳ ಬೆನ್ನಿಗೆ ಈ ಸಮೀಕ್ಷೆಯಿತ್ತು. ಭಾರತದ ಮಳಿಗೆಗಳಲ್ಲಿ ಎಸ್, ಎಂ, ಎಲ್, ಎಕ್ಸೆಲ್ ಪಟ್ಟಿಗಳು ನೆಲೆಯೂರಿದಾಗ ಅವು ಬಹುಮಟ್ಟಿಗೆ ಬೇರೆ ದೇಶದ ಮೈಗಳ ಅಳತೆಗಳಾಗಿದ್ದವು. ಎದೆಗೆ ಸರಿಯಾದ ಕುರ್ತಾ ತೋಳಿಗೆ ಬಿಗಿ, ಸೊಂಟಕ್ಕೆ ಸರಿಯಾದ ಪ್ಯಾಂಟು ತೊಡೆಗೆ ಏರುವುದಿಲ್ಲ. ಟ್ರಯಲ್ ರೂಮಿನಿಂದ ಹೊರಬರುವ ಹುಡುಗಿ ತಪ್ಪು ಬಟ್ಟೆಯದೆಂದು ಹೇಳುವುದಿಲ್ಲ, ನನ್ನ ಮೈಯೇ ಸರಿಯಿಲ್ಲ ಎನ್ನುತ್ತಾಳೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ದಿನವಿಡೀ ಇಂಥ ಪರದೇಶದ ಸೈಜುಗಳನ್ನು ಹೊಲಿಯುತ್ತಾರೆ. ಅವರ ಕೈಯಿಂದ ಹೊರಬರುವ ಬಹಳಷ್ಟು ಉಡುಪು ಅವರ ಮೈಗಾಗಿ ಕತ್ತರಿಸಿದ್ದಲ್ಲ. ಭಾರತದ ಮೈಗಳಿಗೆ ಭಾರತದ್ದೇ ಸೈಜು ಬೇಕೆಂದು ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡ ‘ಇಂಡಿಯಾಸೈಜ್’ ಯೋಜನೆ, ಆರು ನಗರಗಳಲ್ಲಿ 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಗುರಿಯಿಟ್ಟುಕೊಂಡಿತು. ಬಹಳ ತಡವಾಗಿ ಬಂದ, ಬರಲೇಬೇಕಾಗಿದ್ದ ಕೆಲಸವಿದು.

ವೇದಿಕೆ ಮತ್ತು ಪರದೆ

1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾಗಿ ಗೆದ್ದರು. ಉದಾರೀಕರಣದ ಮಾರುಕಟ್ಟೆಗೆ ಆ ಗೆಲುವುಗಳು ಬಾಗಿಲಾದವು. 36–24–36 ಎಂಬ ಮೂರು ಅಂಕಿಗಳು ಕಾಲೇಜಿನ ಕಟ್ಟೆಯ ಮಾತಾದವು. ಎರಡು ವರ್ಷದ ಮೇಲೆ, 1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ಅದನ್ನು ವಿರೋಧಿಸಿದವರು ಒಂದೇ ಬಗೆಯವರಲ್ಲ. ಸಂಸ್ಕೃತಿ ಕೆಡುತ್ತದೆ ಎಂದವರಿದ್ದರು. ಬಹುರಾಷ್ಟ್ರೀಯ ಕಂಪನಿಗಳ ಪ್ರವೇಶವನ್ನು ಎದುರಿಸಿದ ರೈತಸಂಘದವರಿದ್ದರು. ಹೆಣ್ಣಿನ ದೇಹವನ್ನು ಸರಕು ಮಾಡಬೇಡಿ ಎಂದ ಮಹಿಳಾ ಸಂಘಟನೆಗಳಿದ್ದವು. ಸ್ಪರ್ಧೆ ಭಾರಿ ಕಾವಲಿನಲ್ಲಿ ನಡೆಯಿತು, ಈಜುಡುಗೆಯ ಸುತ್ತನ್ನು ಸೇಶಲ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಆ ಮೂರು ದನಿಗಳಲ್ಲಿ ಮಹಿಳಾ ಸಂಘಟನೆಗಳ ದನಿಯೇ ಹೆಚ್ಚು ದೂರ ನೋಡಿತ್ತು ಎಂಬುದು ಮುಂದಿನ ಮೂವತ್ತು ವರ್ಷಗಳಲ್ಲಿ ಸ್ಪಷ್ಟವಾಗಿದೆ.

2008ರ ‘ತಶನ್’ ಚಿತ್ರಕ್ಕಾಗಿ ಕರೀನಾ ಕಪೂರ್ ತೂಕ ಇಳಿಸಿದ ಮೇಲೆ ‘ಸೈಜ್ ಜೀರೊ’ ಎಂಬುದು ಸಣ್ಣ ಊರುಗಳ ಜಿಮ್ಮಿಗೂ ಬಂತು. ದಪ್ಪಗಿರುವವಳಿಗೆ ಪರದೆಯ ಮೇಲೆ ಹಾಸ್ಯದ ಪಾತ್ರವೇ ಗತಿ ಎಂಬ ಸೂತ್ರವನ್ನು ಕನ್ನಡ ಚಿತ್ರಗಳೂ ವರ್ಷಗಟ್ಟಲೆ ಬಳಸಿದವು. ನಗು ಬರಲು ಅವಳು ಬಾಗಿಲಲ್ಲಿ ಸಿಕ್ಕಿಕೊಂಡರೆ ಸಾಕು. ಇದನ್ನು ಅಲುಗಿಸಿದ ಚಿತ್ರಗಳೂ ಬಂದವು. 2011ರ ‘ದ ಡರ್ಟಿ ಪಿಕ್ಚರ್’ನಲ್ಲಿ ವಿದ್ಯಾ ಬಾಲನ್ ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ನಟಿಸಿದರು. 2015ರಲ್ಲಿ ಭೂಮಿ ಪೆಡ್ನೇಕರ್ ‘ದಮ್ ಲಗಾ ಕೆ ಹೈಶಾ’ಕ್ಕಾಗಿ, ಕರಾವಳಿಯ ತುಳು ಮನೆಯಿಂದ ಬಂದ ಅನುಷ್ಕಾ ಶೆಟ್ಟಿ ತೆಲುಗಿನ ‘ಸೈಜ್ ಜೀರೊ’ಗಾಗಿ ತೂಕ ಏರಿಸಿಕೊಂಡರು. ಪಾತ್ರ ಮುಗಿದ ಮೇಲೆ ಆ ತೂಕವನ್ನು ಇಳಿಸಿದ್ದು ಹೇಗೆ ಎಂಬುದೇ ಸುದ್ದಿವಾಹಿನಿಗಳಿಗೆ ಹೆಚ್ಚು ರುಚಿಸಿತು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ಇಪ್ಪತ್ತೊಂದರ ಹುಡುಗಿಗೆ ತನ್ನ ಮೈ ಚಾಕುವಿನಿಂದ ತಿದ್ದಬೇಕಾದದ್ದು ಎನ್ನಿಸುವ ಹಾಗೆ ಮಾಡುವ ಕಸುಬು, ಅದನ್ನು ನೋಡುವ ನಾವೆಲ್ಲರೂ ಆ ಸಾವಿನ ಹತ್ತಿರವೇ ನಿಂತಿದ್ದೇವೆ.

ಉಬ್ಬುತಗ್ಗುಗಳು ಮರಳಿ ಬಂದದ್ದು

ದಪ್ಪ ಮೈಯ ಪರವಾಗಿ ಸಂಘಟಿತ ದನಿ 1969ರಲ್ಲಿ ಅಮೆರಿಕದಲ್ಲಿ ಎದ್ದಿತು. ಅದು ಕೇಳಿದ್ದು ಚೆಲುವೆಯ ಪಟ್ಟವನ್ನಲ್ಲ; ಕೆಲಸ, ಕುರ್ಚಿ, ಚಿಕಿತ್ಸೆಗಳಲ್ಲಿ ಸಮಾನತೆಯನ್ನು. ಸೂಸೀ ಓರ್ಬಾಕ್ 1978ರ ತಮ್ಮ ಪುಸ್ತಕದಲ್ಲಿ ಕೊಬ್ಬನ್ನು ಸ್ತ್ರೀವಾದದ ಪ್ರಶ್ನೆಯಾಗಿ ಕಂಡರು. 2010ರ ದಶಕದಲ್ಲಿ ಸಾಮಾಜಿಕ ಜಾಲತಾಣಗಳು ಇದನ್ನು ‘ಬಾಡಿ ಪಾಸಿಟಿವಿಟಿ’ ಎಂಬ ಹೆಸರಿನಲ್ಲಿ ಎತ್ತಿಕೊಂಡವು, ಕಂಪನಿಗಳು ಬೇಗನೆ ಕೂಡಿಕೊಂಡವು. 2016ರಲ್ಲಿ ಬಾರ್ಬಿಗೂ ದುಂಡು ಮೈಯ ರೂಪ ಬಂತು. ಅದೇ ವರ್ಷ ಲ್ಯಾಕ್ಮೆ ಫ್ಯಾಶನ್ ವೀಕಿನಲ್ಲಿ ದೊಡ್ಡ ಸೈಜಿನ ರೂಪದರ್ಶಿಗಳು ನಡೆದರು. ಬಾಡಿ ಶೇಮಿಂಗ್ ಎಂಬ ಪದ ಕನ್ನಡದ ಹುಡುಗಿಯರಿಗೆ ಒಂದು ಹತ್ಯಾರಾಯಿತು. ‘ಡುಮ್ಮಿ’ ಎಂದು ಕರೆದ ಮಾವನಿಗೆ ಉತ್ತರ ಕೊಡಲು ಅವರ ತಾಯಂದಿರಿಗೆ ಪದ ಇರಲಿಲ್ಲ.

ಆದರೆ ಮರಳಿ ಬಂದ ತುಂಬು ಮೈ ಎಲ್ಲರದ್ದಲ್ಲ. ಎದೆ ಮತ್ತು ನಿತಂಬದಲ್ಲಿ ತುಂಬಿರಬೇಕು, ಹೊಟ್ಟೆ ಮಾತ್ರ ಚಪ್ಪಟೆ, ಗಲ್ಲದಡಿ ಮಡಿಕೆ ಇರಕೂಡದು. ಮರಳು ಗಡಿಯಾರದ ಈ ಆಕಾರ ಸಹಜವಾಗಿ ಕೆಲವರಿಗಷ್ಟೇ ಬರುತ್ತದೆ. ಉಳಿದವರಿಗೆ ಹೊಟ್ಟೆಯ ಕೊಬ್ಬನ್ನು ಹೀರಿ ನಿತಂಬಕ್ಕೆ ತುಂಬುವ ಶಸ್ತ್ರಚಿಕಿತ್ಸೆ ಮಾರುಕಟ್ಟೆಯಲ್ಲಿದೆ; 2018ರಲ್ಲಿ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘಟನೆಗಳೇ ಅದರ ಸಾವಿನ ಪ್ರಮಾಣ 3,000ಕ್ಕೆ 1ರಷ್ಟು ಇರಬಹುದೆಂದು ಎಚ್ಚರಿಸಬೇಕಾಯಿತು. ಕವಿಗಳ ಬಡನಡು ಹೊಸ ಹೆಸರಿನಲ್ಲಿ ತಿರುಗಿ ಬಂದಿದೆ.

ತೂಕದ ಲೆಕ್ಕ

ತುಂಬು ಮೈಯನ್ನು ಹಳಿಯುವವರು ಕೊನೆಗೆ ಆರೋಗ್ಯದ ಮಾತೆತ್ತುತ್ತಾರೆ. ಮಾತಿನಲ್ಲಿ ಸತ್ಯವಿದೆ: ಹೊಟ್ಟೆಯ ಸುತ್ತ ಕೂಡುವ ಕೊಬ್ಬಿಗೂ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳಿಗೂ ನಂಟಿದೆ, ದಕ್ಷಿಣ ಏಷ್ಯದವರಿಗೆ ಕಡಿಮೆ ತೂಕದಲ್ಲಿಯೇ ಅಪಾಯ ಶುರುವಾಗುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯದವರಿಗೆ 23ರ ಬಿಎಂಐಯಲ್ಲಿಯೇ ಎಚ್ಚರ ಹೇಳಿದರು. ಆದರೆ ಕಣ್ಣಳತೆಗೆ ಈ ಸತ್ಯ ಸಿಗುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಅವರ ಸ್ನೇಹಿತ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಗಳನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯ ಕೊಬ್ಬು 9.1 ಶೇಕಡ, ಯಾಜ್ಞಿಕರದು 21.2 ಶೇಕಡ. ತೆಳ್ಳಗೆ ಕಾಣುವ ಭಾರತೀಯರೊಳಗೆ ಕೊಬ್ಬು ಅಡಗಿರಬಹುದು, ದುಂಡಗೆ ಕಾಣುವವಳ ರಕ್ತಪರೀಕ್ಷೆ ಚೊಕ್ಕಟವಾಗಿರಬಹುದು. ಮಂಡಿನೋವೆಂದು ಹೋದರೂ, ಚರ್ಮದ ತುರಿಕೆಯೆಂದು ಹೋದರೂ ‘ಮೊದಲು ತೂಕ ಇಳಿಸಿ’ ಎಂದು ಕೇಳಿ ಕೇಳಿ ಆಸ್ಪತ್ರೆಗೆ ಹೋಗುವುದನ್ನೇ ಬಿಡುವ ಹೆಂಗಸರಿಗೆ ಆಗುವ ಹಾನಿಯೂ ಆರೋಗ್ಯದ ಹಾನಿಯೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 30.1 ಶೇಕಡ ಮಂದಿ ಹೆಚ್ಚು ತೂಕದವರು, 17.2 ಶೇಕಡ ಮಂದಿ ಇರಬೇಕಾದದ್ದಕ್ಕಿಂತ ಕಡಿಮೆ ತೂಕದವರು. 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳು ಮೌಂಜಾರೊ, ವೆಗೋವಿ ಎಂಬ ಹೆಸರುಗಳಲ್ಲಿ ಭಾರತದ ಔಷಧಿ ಅಂಗಡಿಗಳಿಗೆ ಬಂದವು. ತಿಂಗಳಿಗೆ ಸಾವಿರಾರು ರೂಪಾಯಿ ಖರ್ಚು ಮಾಡಬಲ್ಲವರು ಕೊಳ್ಳುತ್ತಿದ್ದಾರೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅದೇ ಕರ್ನಾಟಕದ ಅಂಗನವಾಡಿಗಳು ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಬಡಿಸುತ್ತವೆ. ಅಲ್ಲಿ ತಾಯಿ ಕಾರ್ಡಿನಲ್ಲಿ ಈ ತಿಂಗಳ ತೂಕ ಬರೆಯುವಾಗ, ಹೋದ ತಿಂಗಳಿಗಿಂತ ಒಂದು ಕೆಜಿ ಏರಿದ್ದು ಕಂಡರೆ ಕಾರ್ಯಕರ್ತೆ ‘ಮೈ ಬಂದಿದೆ, ಒಳ್ಳೇದಾಯ್ತು’ ಎನ್ನುತ್ತಾಳೆ.